ಮನೆ ಯಾರ ಹೆಸರಿನಲ್ಲಿ

ಡ್ರೈವಿಂಗ್ ಕಲಿಸುವವರನ್ನು ಆ ಬೀದಿಯ ಅರ್ಧ ಜನ ಮೇಷ್ಟ್ರು ಎಂದು ಕರೆಯುತ್ತಿದ್ದರು, ಇನ್ನರ್ಧ ಜನ ಓನರ್ ಎಂದು. ಮೊದಲನೆಯ ಹೆಸರು ದುಡಿದು ಸಂಪಾದಿಸಿದ್ದು. ಊರಿನಲ್ಲಿ ಇವತ್ತು ಧೈರ್ಯವಾಗಿ ಕಾರು ಓಡಿಸುವ ಎಷ್ಟೋ ಮಂದಿ ಅವರ ಪಕ್ಕದಲ್ಲಿ ಕೂತು, ಬೈಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಕ್ಲಚ್ ಬಿಡಲು ಕಲಿತವರು. ಎರಡನೆಯ ಹೆಸರು ತಾನಾಗಿಯೇ ಬಂದು ಅಂಟಿಕೊಂಡದ್ದು.

ಅದು ಅಂಟಿಕೊಂಡದ್ದು ಹೀಗೆ. ಡ್ರೈವಿಂಗ್ ಶಾಲೆ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ ಮೇಷ್ಟ್ರು ಬೀದಿಯ ತಿರುವಿನಲ್ಲಿದ್ದ ಎರಡಂತಸ್ತಿನ ಮನೆಯನ್ನು ಇಡಿಯಾಗಿ ಬಾಡಿಗೆಗೆ ಹಿಡಿದಿದ್ದರು. ಕೆಳಗೆ ಗಂಡ ಹೆಂಡತಿಯ ಸಂಸಾರ, ಮೇಲೆ ಪಾಠದ ಕೋಣೆ. ಗೋಡೆ ತುಂಬ ಸಂಚಾರ ಚಿಹ್ನೆಗಳ ಪಟ, ಸಾಲಾಗಿ ಬೆಂಚು. ಬರಬರುತ್ತಾ ಬೆಂಚುಗಳು ಖಾಲಿಯಾದವು. ಜನ ಚಿಹ್ನೆಗಳನ್ನು ಫೋನಿನಲ್ಲೇ ನೋಡಿ ಬಾಯಿಪಾಠ ಮಾಡಿಕೊಂಡು ಬರತೊಡಗಿದರು. ಮೇಷ್ಟ್ರ ಹತ್ತಿರ ಬರುವುದು ಗಾಡಿ ಓಡಿಸಲಿಕ್ಕೆ ಮಾತ್ರ. ಮೇಲಿನ ಕೋಣೆಗಳು ದೂಳು ತಿನ್ನುತ್ತಿದ್ದವು, ಬಾಡಿಗೆ ಮಾತ್ರ ಇಡೀ ಮನೆಯದು ಕೊಡಬೇಕಾಗುತ್ತಿತ್ತು.

ಆ ಹೊತ್ತಿಗೆ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸು ಮನೆ ಹುಡುಕಿಕೊಂಡು ಬಂದಳು. ಗಂಡ ತೀರಿಕೊಂಡಿದ್ದ. ಗಂಡನ ತಂದೆ ಜೊತೆಗಿದ್ದರು. ಮೇಷ್ಟ್ರು ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡು ನಿಂತಿದ್ದರು.

"ಮೇಲಿನ ಮನೆ ಖಾಲಿ ಇದೆಯಂತಲ್ಲ, ಓನರ್ರು ನೀವೇನಾ?"

"ಹೂಂ, ಹೇಳಿ," ಅಂದರು ಮೇಷ್ಟ್ರು.

ಆ 'ಹೂಂ' ಅವಳ ಪ್ರಶ್ನೆಗೆ ಕೊಟ್ಟ ಉತ್ತರವೋ, ಬರೀ ಮಾತಿಗೆ ಓಗೊಟ್ಟದ್ದೋ, ಅವರಿಗೇ ಆಮೇಲೆ ಗೊತ್ತಾಗಲಿಲ್ಲ. ನಾಳೆ ತಿದ್ದಿದರಾಯಿತು ಅಂದುಕೊಂಡರು. ನಾಳೆ ಹೋಗಿ ನಾಡಿದ್ದಾಯಿತು, ತಿಂಗಳಾಯಿತು, ವರ್ಷಗಳಾದವು. ಮೇಲೆ ಬಂದು ಸೇರಿದ ಆ ಬೇಕರಿ ಅಕ್ಕ ಅವರನ್ನು ಓನರ್ರೇ ಎಂದು ಕರೆದಳು, ಅದನ್ನು ಕೇಳಿ ಹಾಲಿನವನು ಕರೆದ, ಹಾಲಿನವನನ್ನು ಕೇಳಿ ಎದುರುಮನೆಯವರು ಕರೆದರು.

ಮನೆಯ ನಿಜವಾದ ಒಡತಿ ಊರಿನ ಇನ್ನೊಂದು ತುದಿಯಲ್ಲಿದ್ದ ಹಲ್ಲಿನ ಡಾಕ್ಟರು. ತಂದೆಯಿಂದ ಬಂದ ಮನೆ. ಬಾಡಿಗೆ ಅವರ ಖಾತೆಗೆ ಸರಿಯಾಗಿ ಬೀಳುತ್ತಿದ್ದುದರಿಂದ ಅವರು ಈ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಇದೆಲ್ಲ ಗೊತ್ತಿದ್ದದ್ದು ಮೇಷ್ಟ್ರ ಹೆಂಡತಿಗೆ ಒಬ್ಬರಿಗೇ.

"ಒಂದು ಸಲ ಬಾಯಿಬಿಟ್ಟು ಹೇಳಿಬಿಡ್ರೀ. ನಿಮ್ಮ ಗಂಟೇನು ಹೋಗುತ್ತೆ?"

"ಹೇಳೋಣ, ಹೇಳೋಣ. ಈಗೇನು ಅವಸರ?"

ಅಷ್ಟರಲ್ಲಿ ಮೇಷ್ಟ್ರಿಗೆ ಓನರ್ ಆಗಿರುವುದು ರೂಢಿಯಾಗಿಬಿಟ್ಟಿತ್ತು. ಮೇಲಿನವರು ಗೋಡೆಗೆ ಮೊಳೆ ಹೊಡೆದ ಸದ್ದು ಕೇಳಿದರೆ ಮೆಟ್ಟಿಲ ಬುಡದಿಂದಲೇ ಕೂಗುತ್ತಿದ್ದರು. ನೀರು ಹೆಚ್ಚು ಹರಿದರೆ ಗೊಣಗುತ್ತಿದ್ದರು. ಒಂದು ವರ್ಷ ಹೊರಗೋಡೆಗೆ ಬಣ್ಣ ಬಳಿಸಿ ಅರ್ಧ ಖರ್ಚನ್ನು ಬೇಕರಿ ಅಕ್ಕನಿಂದ ವಸೂಲು ಮಾಡಿದ್ದರು. ಅದು ಅನ್ಯಾಯ ಎಂದು ಅವರಿಗೂ ಅನ್ನಿಸಲಿಲ್ಲ, ಅವಳಿಗೂ ಅನ್ನಿಸಲಿಲ್ಲ. ಓನರ್‌ಗಳು ಇರುವುದೇ ಹಾಗೆ ಎಂದು ಅವಳು ಸುಮ್ಮನಿದ್ದಳು.

ಆಮೇಲೆ ಬೇಕರಿ ಮುಚ್ಚಿತು. ಬೆಂಕಿ ಬಿದ್ದೂ ಅಲ್ಲ, ನಷ್ಟವಾಗಿಯೂ ಅಲ್ಲ. ಯಜಮಾನ ಸತ್ತ ಮೇಲೆ ಮಕ್ಕಳು ಜಾಗವನ್ನು ಮಾರಿಬಿಟ್ಟರು. ಹಿಟ್ಟು ನಾದಿ ನಾದಿ ಮೊಣಕೈವರೆಗೆ ಗಟ್ಟಿಯಾಗಿದ್ದ ಬೇಕರಿ ಅಕ್ಕನ ಕೈಗಳಿಗೆ ಇದ್ದಕ್ಕಿದ್ದಂತೆ ಕೆಲಸವಿಲ್ಲದಾಯಿತು. ಒಂದು ತಿಂಗಳು ಕೂಡಿಟ್ಟದ್ದರಲ್ಲಿ ಬಾಡಿಗೆ ಕೊಟ್ಟಳು. ಮುಂದಿನ ತಿಂಗಳು ಅರ್ಧ ಕೊಟ್ಟು ಮುಖ ಸಣ್ಣ ಮಾಡಿದಳು. ಅದರ ಮುಂದಿನ ತಿಂಗಳು ಮೇಷ್ಟ್ರು ಕಂಡರೆ ಮೆಟ್ಟಿಲ ತಿರುವಿನಲ್ಲೇ ನಿಂತು ಅವರು ಒಳಗೆ ಹೋಗುವವರೆಗೆ ಕಾಯತೊಡಗಿದಳು.

ಇದೇ ಹೊತ್ತಿಗೆ ಮೇಷ್ಟ್ರ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಿತು. ಗಾಡಿ ಗ್ಯಾರೇಜಿಗೆ ಹೋಯಿತು, ಬರುವ ಲಕ್ಷಣ ಕಾಣಲಿಲ್ಲ. ಗಾಡಿಯಿಲ್ಲದ ಡ್ರೈವಿಂಗ್ ಶಾಲೆಗೆ ಯಾರು ಬರುತ್ತಾರೆ? ಮೇಲಿನಿಂದ ಬಾಡಿಗೆ ಬರಲಿಲ್ಲ, ಕೆಳಗಿನಿಂದ ಹೋಗಲಿಲ್ಲ. ಡಾಕ್ಟರಿಂದ ಫೋನು ಬಂತು. ಅವರು ಸಿಟ್ಟು ಮಾಡಲಿಲ್ಲ. ಹಲ್ಲು ಕೀಳುವ ಮೊದಲು ಮಾತಾಡುವ ಹಾಗೆ ಮೆಲ್ಲಗೆ ಮಾತಾಡಿದರು. "ಏನು ತೊಂದರೆ ಮೇಷ್ಟ್ರೇ? ಯಾವಾಗಲೂ ಹೀಗೆ ಮಾಡೋರಲ್ಲ ನೀವು. ಈ ತಿಂಗಳೂ ಬರಲಿಲ್ಲ ಅಂದ್ರೆ ನಾನು ಬೇರೆ ಯೋಚನೆ ಮಾಡಬೇಕಾಗುತ್ತೆ."

ಮೇಷ್ಟ್ರು ಫೋನಿಟ್ಟು ನೇರ ಮೇಲಿನ ಮನೆಯ ಬಾಗಿಲಿಗೆ ಹೋದರು.

ಬೇಕರಿ ಅಕ್ಕನ ಮುಖ ಎಂದಿನ ಹಾಗಿರಲಿಲ್ಲ, ಗೆಲುವಾಗಿತ್ತು. "ನಾನೇ ಕೆಳಗೆ ಬರೋಳಿದ್ದೆ ಓನರ್ರೇ," ಅಂದಳು. ನೀರಿನ ಟ್ಯಾಂಕಿನ ಹಿಂದೆ ಬಾಡಿಗೆ ನೆರವಿನ ಕಚೇರಿ ಅಂತ ಒಂದಿದೆಯಂತೆ. ಕೆಲಸ ಕಳೆದುಕೊಂಡವರ ಬಾಕಿಯನ್ನು ಅವರೇ ಕಟ್ಟುತ್ತಾರಂತೆ. ಬಾಡಿಗೆದಾರರ ಕೈಗೆ ಕೊಡುವುದಿಲ್ಲ, ನೇರ ಓನರ್ ಖಾತೆಗೆ ಹಾಕುತ್ತಾರೆ. ಬೇಕರಿಯಲ್ಲಿ ಜೊತೆಗಿದ್ದ ಇನ್ನೊಬ್ಬಳಿಗೆ ಆಗಲೇ ಬಂದಿದೆ. ಇವಳೂ ಅರ್ಜಿ ಹಾಕಿ ಬಂದಿದ್ದಾಳೆ.

"ಇನ್ನೇನೂ ಬೇಕಾಗಿಲ್ಲ. ನಿಮ್ಮದೊಂದು ಸಹಿ, ಮನೆ ತೆರಿಗೆ ಕಟ್ಟಿದ ರಸೀದಿ. ಬರೋದು ನಿಮಗೇ ತಾನೆ?"

ತೆರಿಗೆ ರಸೀದಿ ಇದ್ದದ್ದು ಡಾಕ್ಟರ ಹೆಸರಿನಲ್ಲಿ, ಡಾಕ್ಟರ ಮನೆಯಲ್ಲಿ.

"ಅದೆಲ್ಲ ಆಗಲ್ಲ," ಅಂದರು ಮೇಷ್ಟ್ರು.

"ಯಾಕೆ?"

"ನನ್ನ ಮನೆ ವಿಷಯಕ್ಕೆ ಸರ್ಕಾರ ಯಾಕೆ ಮೂಗು ತೂರಿಸಬೇಕು? ಇವತ್ತು ರಸೀದಿ ಕೇಳ್ತಾರೆ, ನಾಳೆ ಇನ್ನೇನೋ ಕೇಳ್ತಾರೆ. ನನಗೆ ಆ ತಲೆನೋವು ಬೇಡ."

"ದುಡ್ಡು ಬರುತ್ತೆ ಓನರ್ರೇ. ಸುಮ್ಮನೆ ಬರುತ್ತೆ."

"ಬೇಡ ಅಂದೆನಲ್ಲಮ್ಮಾ."

ಒಳಗಿನಿಂದ ಅವಳ ಮಾವನವರ ದನಿ ಬಂತು. ಅವರು ಲಾರಿ ಓಡಿಸಿ ನಿವೃತ್ತರಾದವರು. ಬಾಲ್ಕನಿಯಲ್ಲಿ ಕೂತು ಮೇಷ್ಟ್ರ ಶಿಷ್ಯರು ಕಾರನ್ನು ಹಿಂದಕ್ಕೆ ತೆಗೆಯುವುದನ್ನು ನೋಡಿ ನಗುವುದೇ ಅವರಿಗೆ ದಿನದ ಮನರಂಜನೆ. "ಬಂದ ದುಡ್ಡನ್ನ ಬೇಡ ಅನ್ನೋ ಓನರ್ರನ್ನ ನಾನು ನನ್ನ ಜನ್ಮದಲ್ಲೇ ನೋಡಿಲ್ಲ ಕಣಮ್ಮಾ. ಒಳಗೆ ಕರೆದು ಕೂರಿಸು, ಸ್ವಲ್ಪ ನೋಡೋಣ."

ಮೇಷ್ಟ್ರು ದಡದಡನೆ ಮೆಟ್ಟಿಲಿಳಿದರು.

ಊಟಕ್ಕೆ ಕೂತಾಗ ನಡೆದದ್ದನ್ನು ಹೆಂಡತಿಗೆ ಹೇಳಿದರು. ಆಕೆ ಬಡಿಸುವ ಕೈ ನಿಲ್ಲಿಸಿದರು.

"ಅಂದ್ರೆ ಅವಳ ಕಣ್ಣಲ್ಲಿ ನೀವೀಗ ಕಲ್ಲು ಮನಸ್ಸಿನವರು."

"ಅಂದ್ಕೊಳ್ಳಲಿ ಬಿಡು."

"ಕಲ್ಲು ಮನಸ್ಸಿನವರು ಅನ್ನಿಸಿಕೊಂಡರೂ ಪರವಾಗಿಲ್ಲ, ಬಾಡಿಗೆಗಿರೋರು ಅನ್ನಿಸಿಕೊಳ್ಳಬಾರದು. ಅಲ್ವಾ?"

ಮೇಷ್ಟ್ರು ತಟ್ಟೆಯಿಂದ ತಲೆಯೆತ್ತಲಿಲ್ಲ. ಆಕೆ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು.

ವಾರ ಕಳೆಯುವಷ್ಟರಲ್ಲಿ ಮೇಲಿನ ಮನೆಯಿಂದ ಸಾಮಾನು ಎಳೆದಾಡುವ ಸದ್ದು ಕೇಳತೊಡಗಿತು. ಬೇಕರಿ ಅಕ್ಕ ತಾನೇ ಕೆಳಗೆ ಬಂದು, ಬಾಗಿಲಲ್ಲೇ ನಿಂತು ಹೇಳಿದಳು. "ನಿಮ್ಮ ದುಡ್ಡು ಇಟ್ಕೊಂಡು ನಿಮ್ಮ ಮನೇಲಿ ಇರೋಕೆ ನನಗೂ ಮುಖ ಇಲ್ಲ. ನನ್ನ ಅಕ್ಕನ ಮನೇಲಿ ಒಂದು ಕೋಣೆ ಕೊಡ್ತಾರಂತೆ. ಮಾವ ಹಾಲ್‌ನಲ್ಲಿ ಮಲಗಬೇಕಾಗುತ್ತೆ. ನಾನು ಕೊಟ್ಟ ಅಡ್ವಾನ್ಸ್‌ನಲ್ಲಿ ಬಾಕಿ ಮುರಿದುಕೊಂಡು ಮಿಕ್ಕಿದ್ದು ಕೊಟ್ಟುಬಿಡಿ."

"ನೋಡೋಣ, ಅವಸರ ಮಾಡಬೇಡಿ," ಅಂದರು ಮೇಷ್ಟ್ರು. ಆ ಅಡ್ವಾನ್ಸ್ ಕಾರಿಗೆ ಹೊಸ ಟೈರು, ಹೊಸ ಸೀಟು ಆಗಿ ಎಷ್ಟೋ ಕಾಲವಾಗಿತ್ತು. ಅವಳು ಹೋದರೆ ಇಡೀ ಮನೆಯ ಬಾಡಿಗೆ ಪೂರ್ತಿ ತಮ್ಮ ತಲೆಯ ಮೇಲೆ. ಇದ್ದರೆ ಬಾಕಿ ಬೆಳೆಯುತ್ತದೆ. ಯಾವ ಕಡೆ ತಿರುಗಿದರೂ ಗೋಡೆ.

ಮರುದಿನ ಹೆಂಡತಿಗೂ ಹೇಳದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅವರು ನೀರಿನ ಟ್ಯಾಂಕಿನ ಹಿಂದಿನ ಕಚೇರಿಗೆ ಹೋದರು. ಅವರ ಲೆಕ್ಕ ಸರಳವಾಗಿತ್ತು. ತಾವೂ ಬಾಡಿಗೆದಾರರೇ ತಾನೆ? ತಮ್ಮ ಬಾಕಿಯನ್ನು ಕಚೇರಿ ಕಟ್ಟಿದರೆ ಡಾಕ್ಟರ ಬಾಯಿ ಮುಚ್ಚುತ್ತದೆ, ಮೇಲಿನವಳಿಗೆ ದೊಡ್ಡ ಮನಸ್ಸು ಮಾಡಿ ಒಂದೆರಡು ತಿಂಗಳ ಬಾಕಿ ಬಿಟ್ಟುಬಿಡಬಹುದು, ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಕಚೇರಿ ಚಿಕ್ಕದು. ಉದ್ದನೆಯ ಬೆಂಚಿನ ಮೇಲೆ ಜನ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಎಲ್ಲರೂ ಒಳ್ಳೆಯ ಬಟ್ಟೆಯಲ್ಲೇ ಬಂದಿದ್ದರು. ಅದನ್ನು ನೋಡಿ ಮೇಷ್ಟ್ರಿಗೆ ಸ್ವಲ್ಪ ಸಮಾಧಾನವಾಯಿತು. ಅವರ ಸರದಿ ಬಂದಾಗ ಗಾಜಿನ ಆಚೆಗಿದ್ದ ಹೆಂಗಸು ಕನ್ನಡಕ ಮೇಲಕ್ಕೆ ತಳ್ಳಿಕೊಂಡು ಪ್ರಶ್ನೆ ಶುರು ಮಾಡಿದಳು. ಕೆಲಸ ಏನು, ಮನೆಯಲ್ಲಿ ಎಷ್ಟು ಜನ, ಮನೆ ಯಾರ ಹೆಸರಿನಲ್ಲಿದೆ. ಮೇಷ್ಟ್ರು ಡಾಕ್ಟರ ಹೆಸರು ಹೇಳಿದರು. ಆ ಮನೆಯ ಬಗ್ಗೆ ಎಷ್ಟೋ ವರ್ಷಗಳ ಮೇಲೆ ಹೊರಗಿನವರ ಮುಂದೆ ಹೇಳಿದ ನಿಜ ಅದು.

"ಎರಡಂತಸ್ತಿನ ಮನೆ ಅಂತೀರಿ. ಮೇಲೆ ಯಾರಿದ್ದಾರೆ?"

"ಯಾರೂ ಇಲ್ಲ."

"ಖಾಲೀನಾ?"

"ಖಾಲಿ."

ಅವಳು ವಿಳಾಸ ಬೆರಳಚ್ಚು ಮಾಡಿದಳು. ಪರದೆಯನ್ನು ನೋಡಿದಳು, ಮೇಷ್ಟ್ರನ್ನು ನೋಡಿದಳು, ಮತ್ತೆ ಪರದೆಯನ್ನು ನೋಡಿದಳು.

"ಇದೇ ವಿಳಾಸದಿಂದ ಇನ್ನೊಂದು ಅರ್ಜಿ ಬಂದಿದೆ. ಮೇಲಿನ ಮನೆಯಿಂದ. ಅದರಲ್ಲಿ ಓನರ್ ಅಂತ ನಿಮ್ಮ ಹೆಸರಿದೆ, ಫೋನ್ ನಂಬರೂ ನಿಮ್ಮದೇ."

ಮೇಷ್ಟ್ರು ಅಂಗಿಯ ತೋಳು ಸರಿಮಾಡಿಕೊಂಡರು.

"ಹಾಗಾದ್ರೆ ನೀವು ನಿಮಗೇ ಬಾಡಿಗೆ ಬಾಕಿ ಇಟ್ಕೊಂಡಿದ್ದೀರಾ?"

ಅವಳು ತಮಾಷೆಗೆ ಕೇಳಿದ್ದಲ್ಲ. ಆದರೆ ಹಿಂದೆ ಬೆಂಚಿನ ಮೇಲೆ ಕೂತಿದ್ದವರಲ್ಲಿ ಇಬ್ಬರು ಮೂವರು ಕಿಸಕ್ಕನೆ ನಕ್ಕರು. ಮೇಷ್ಟ್ರಿಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ಕುರ್ಚಿಯ ಕೈ ಹಿಡಿದು ಏಳಲಿಕ್ಕೂ ನೋಡಿದರು.

"ಎದ್ದು ಹೋಗಬೇಡಿ ಯಜಮಾನರೇ," ಅಂದಳು ಅವಳು, ದನಿ ತಗ್ಗಿಸಿ. "ನೀವು ಹೋದ್ರೆ ಆ ಹೆಂಗಸಿನ ಅರ್ಜೀನ ನಾನು ಸುಳ್ಳು ಅರ್ಜಿ ಅಂತ ಹಾಕಬೇಕಾಗುತ್ತೆ. ಒಂದು ಸಲ ಹಾಗೆ ಹಾಕಿದ್ರೆ ಅವರು ಮತ್ತೆ ಇಲ್ಲಿ ಕಾಲಿಡೋ ಹಾಗಿಲ್ಲ. ಸುಳ್ಳು ಹೇಳಿದ್ದು ಯಾರು? ಅವರಾ, ನೀವಾ?"

ಬೇಕರಿ ಅಕ್ಕನ ಮೇಲೆ ಸುಳ್ಳಿನ ಹಣೆಪಟ್ಟಿ ಬೀಳುತ್ತದೆ ಎಂಬುದು ಮೇಷ್ಟ್ರ ಲೆಕ್ಕದಲ್ಲೇ ಇರಲಿಲ್ಲ. ಅವಳು ಇಷ್ಟು ವರ್ಷಗಳಲ್ಲಿ ಒಂದು ದಿನವೂ ಒಂದಕ್ಕೆರಡು ಹೇಳಿದವಳಲ್ಲ.

"ನಾನು," ಅಂದರು.

ಕನ್ನಡಕದ ಹೆಂಗಸು ಬೈಯಲಿಲ್ಲ. ಅವಳಿಗೆ ಅದಕ್ಕೆ ಪುರುಸೊತ್ತೂ ಇರಲಿಲ್ಲ. "ನೀವೇ ಮೊದಲನೆಯವರು ಅಂದ್ಕೋಬೇಡಿ. ಬಾಡಿಗೆಗೆ ಹಿಡಿದು ಬಾಡಿಗೆಗೆ ಕೊಟ್ಟೋರು ಬೇಕಾದಷ್ಟು ಜನ ಇಲ್ಲಿ ಬರ್ತಾರೆ. ದಾರಿ ಇದೆ. ನಿಜವಾದ ಓನರ್ ಒಪ್ಪಿ ಮೇಲಕ್ಕೊಂದು, ಕೆಳಕ್ಕೊಂದು ಬೇರೆ ಬೇರೆ ಕರಾರು ಮಾಡಿಕೊಟ್ರೆ ಇಬ್ಬರ ಅರ್ಜೀನೂ ನಡೆಯುತ್ತೆ. ಶುಕ್ರವಾರದೊಳಗೆ ತನ್ನಿ. ಈ ಸಲದ ಹಣ ಆಮೇಲೆ ಮುಗಿದುಹೋಗುತ್ತೆ."

"ಅವರು ಒಪ್ಪದಿದ್ರೆ?"

"ಒಪ್ಪದಿದ್ರೆ ಇಬ್ಬರಿಗೂ ಇಲ್ಲ. ಹೋಗಿ ಕೇಳಿ ಮೊದಲು."

ಮೇಷ್ಟ್ರು ಮನೆಗೆ ನಡೆದೇ ಬಂದರು. ಬಸ್ಸಿಗೆ ಕಾಸಿರಲಿಲ್ಲವೆಂದಲ್ಲ, ಬೇಗ ತಲುಪುವ ಮನಸ್ಸಿರಲಿಲ್ಲ. ಬಂದವರೇ ತಮ್ಮ ಬಾಗಿಲು ದಾಟಿ ಮೆಟ್ಟಿಲು ಹತ್ತಿದರು. ಮೇಲೆ ಹಾಲ್ ತುಂಬ ರಟ್ಟಿನ ಪೆಟ್ಟಿಗೆಗಳು. ಬೇಕರಿ ಅಕ್ಕ ನೆಲದ ಮೇಲೆ ಕೂತು ಬ್ರೆಡ್ಡಿನ ಅಚ್ಚುಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಳು. ಮಾವನವರು ಕುರ್ಚಿಯಲ್ಲಿದ್ದರು.

"ಈ ಮನೆ ನಂದಲ್ಲ," ಅಂದರು ಮೇಷ್ಟ್ರು, ಪೀಠಿಕೆಯಿಲ್ಲದೆ.

ಅವಳು ಕೈ ನಿಲ್ಲಿಸಿ ನೋಡಿದಳು. "ಮಾರಿಬಿಟ್ರಾ?"

"ಇಲ್ಲ. ಯಾವತ್ತೂ ನಂದಾಗಿರಲಿಲ್ಲ. ನಾನೂ ನಿಮ್ಮ ಹಾಗೇ, ಬಾಡಿಗೆಗಿರೋನು. ಓನರ್ ಬೇರೆಯವರು, ಹಲ್ಲಿನ ಡಾಕ್ಟರು. ಸಹಿ ಹಾಕಲ್ಲ ಅಂದೆನಲ್ಲ, ಅದು ಹಾಕೋಕೆ ಆಗಲ್ಲ ಅಂತ."

ಬೇಕರಿ ಅಕ್ಕ ಸುತ್ತಿದ್ದ ಅಚ್ಚನ್ನು ಬಿಚ್ಚಿ ಮತ್ತೆ ಸುತ್ತಿದಳು. ಆಮೇಲೆ ಕೇಳಿದ್ದು ಒಂದೇ ಮಾತು.

"ಹಾಗಾದ್ರೆ ನನ್ನ ಅಡ್ವಾನ್ಸ್ ಯಾರ ಹತ್ರ ಇದೆ?"

"ಯಾರ ಹತ್ರಾನೂ ಇಲ್ಲ. ಕಾರಿಗೆ ಹಾಕಿದೆ."

"ಆ ಕಾರಿಗಾ?" ಅಂದರು ಮಾವ. ಮಿಕ್ಕಿದ್ದನ್ನೆಲ್ಲ ಕ್ಷಮಿಸಬಹುದು, ಇದನ್ನು ಮಾತ್ರ ಆಗದು ಎಂಬಂತೆ.

ಬೇಕರಿ ಅಕ್ಕ ಎದ್ದು ನಿಂತಳು. ಅವಳು ಕೂಗಾಡುತ್ತಾಳೆ ಎಂದು ಮೇಷ್ಟ್ರು ಎಣಿಸಿದ್ದರು. ಅವಳು ಖಾಲಿ ಗೋಡೆಯ ಕಡೆ ಕೈ ತೋರಿಸಿದಳು.

"ನನ್ನ ಗಂಡನ ಫೋಟೋ ಹಾಕೋಕೆ ಒಂದು ಮೊಳೆ ಹೊಡೀತೀನಿ ಅಂದೆ. ನನ್ನ ಗೋಡೆ ಹಾಳಾಗುತ್ತೆ ಅಂದ್ರಿ. ಇಷ್ಟು ವರ್ಷ ಆ ಫೋಟೋ ಅಲ್ಮೇರಾ ಮೇಲೆ ಒರಗಿಸಿಟ್ಟಿದ್ದೀನಿ. ಯಾರ ಗೋಡೆ ಅದು?"

ಮೇಷ್ಟ್ರು ಕಚೇರಿಯಲ್ಲಿ ಹೇಳಿದ್ದನ್ನಷ್ಟೇ ಒಪ್ಪಿಸಿದರು: ಶುಕ್ರವಾರದೊಳಗೆ, ಇಬ್ಬರೂ, ಡಾಕ್ಟರ ಹತ್ತಿರ. "ನೀವು ಬರ್ತೀನಿ ಅಂದ್ರೆ ನಾಳೆ ಹೋಗೋಣ. ಅಲ್ಲಿ ಏನು ಹೇಳಬೇಕೋ ನಾನೇ ಹೇಳ್ತೀನಿ."

ಅವಳು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಬೆಳಿಗ್ಗೆ ಮೇಷ್ಟ್ರು ಹೊರಡುವಾಗ ಗೇಟಿನ ಹತ್ತಿರ ನಿಂತಿದ್ದಳು. ಬಸ್ಸಿನಲ್ಲಿ ಅವಳು ಮುಂದೆ, ಇವರು ಹಿಂದೆ.

ಡಾಕ್ಟರು ಒಬ್ಬ ದಪ್ಪನೆಯ ಮನುಷ್ಯನ ಹಲ್ಲು ಕೊರೆಯುತ್ತಿದ್ದರು. ಹೊರಗೆ ಕಾಯಿಸಿದರೆ ಮಾತು ಮುಗಿಯುವುದಿಲ್ಲ ಅಂದುಕೊಂಡರೋ ಏನೋ, ಇಬ್ಬರನ್ನೂ ಒಳಗೇ ಕರೆದರು. ಮೇಷ್ಟ್ರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಕುರ್ಚಿಯಲ್ಲಿದ್ದವನು ಬಾಯಿ ತೆರೆದುಕೊಂಡು, ಕೆನ್ನೆಯೊಳಗೆ ಹತ್ತಿ ಇಟ್ಟುಕೊಂಡು, ಕಣ್ಣು ಮಾತ್ರ ಇವರಿಂದ ಅವರಿಗೆ, ಅವರಿಂದ ಇವರಿಗೆ ಹೊರಳಿಸುತ್ತಾ ಕೇಳಿದ.

ಡಾಕ್ಟರು ಮಾಸ್ಕ್ ಕೆಳಗಿಳಿಸಿದರು. "ಬೇರೆಯವರಿಗೆ ಕೊಡಬಾರದು ಅಂತ ಕರಾರಿನಲ್ಲೇ ಇದೆ. ನೀವು ಓದಿ ಸಹಿ ಹಾಕಿದ್ದೀರಿ."

"ಹೌದು ಡಾಕ್ಟ್ರೇ."

"ಇವರು ನಿಮಗೆಷ್ಟು ಕೊಡ್ತಿದ್ರು?"

ಮೇಷ್ಟ್ರು ನೆಲ ನೋಡಿದರು. ಬೇಕರಿ ಅಕ್ಕನೇ ಹೇಳಿದಳು. ಡಾಕ್ಟರು ಮನಸ್ಸಿನಲ್ಲೇ ಲೆಕ್ಕ ಹಾಕುವುದು ಅವರ ಹುಬ್ಬಿನಲ್ಲಿ ಕಾಣುತ್ತಿತ್ತು.

"ಅಂದ್ರೆ ಇಡೀ ಮನೆ ಬಾಡಿಗೇಲಿ ಮುಕ್ಕಾಲು ಪಾಲು ಇವರದ್ದೇ. ಕೆಳಗಿನ ಮನೆ, ಹಿತ್ತಲು, ಕಾರು ನಿಲ್ಲಿಸೋ ಜಾಗ, ಎಲ್ಲ ಸೇರಿ ನೀವು ಕೊಡ್ತಿದ್ದದ್ದು ಕಾಲು ಪಾಲು."

ಬೇಕರಿ ಅಕ್ಕ ಮೇಷ್ಟ್ರ ಕಡೆ ತಿರುಗಿದಳು. ಈ ವಿಷಯ ಅವಳಿಗೆ ಈ ಕ್ಷಣದವರೆಗೂ ಗೊತ್ತಿರಲಿಲ್ಲ. ಬೆಳಗಿನ ಜಾವ ಎದ್ದು ಹಿಟ್ಟು ನಾದಿದ ಕೂಲಿ ಯಾವ ಮನೆಗೆ ಹೋಗುತ್ತಿತ್ತು ಎಂಬುದು ಅವಳಿಗೆ ಅರ್ಥವಾಯಿತು. ರಿಪೇರಿ ಮಾಡಿಸಿದ್ದು, ನಲ್ಲಿ ಹಾಕಿಸಿದ್ದು, ಪಂಪು ಬದಲಾಯಿಸಿದ್ದು ಎಲ್ಲ ಮೇಷ್ಟ್ರ ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡರು.

"ನನಗೆ ನಿಮ್ಮಿಬ್ಬರನ್ನೂ ಖಾಲಿ ಮಾಡಿಸೋ ಹಕ್ಕಿದೆ," ಅಂದರು ಡಾಕ್ಟರು. "ಆದರೆ ಮಾಡಿಸಿದ್ರೆ ಬಾಕಿ ಬರಲ್ಲ, ಹೊಸಬರನ್ನ ಹುಡುಕೋಕೆ ನನಗೆ ಪುರುಸೊತ್ತಿಲ್ಲ. ಆ ಕಚೇರಿಯವರು ಕೊಡ್ತಾರೆ ಅಂದ್ರೆ ಕೊಡಲಿ. ಎರಡು ಕರಾರು ಮಾಡೋಣ, ಬಾಡಿಗೆ ಸಮಪಾಲು. ನಿಮ್ಮ ಅಡ್ವಾನ್ಸ್ ನನ್ನ ಹತ್ರ ಇದೆಯಲ್ಲ ಮೇಷ್ಟ್ರೇ, ಅದರಲ್ಲಿ ಇವರು ನಿಮಗೆ ಕೊಟ್ಟಷ್ಟನ್ನ ಇವರ ಹೆಸರಿಗೆ ಬರೀತೀನಿ. ಒಪ್ಪಿಗೇನಾ?"

ಒಪ್ಪಿದರೆ ಕೊನೆಗೆ ಮನೆ ಬಿಡುವ ದಿನ ಕೈಗೆ ಬರುವುದು ಹೆಚ್ಚೇನೂ ಉಳಿಯುವುದಿಲ್ಲ. "ಆಗಲಿ," ಅಂದರು ಮೇಷ್ಟ್ರು.

ಕುರ್ಚಿಯಲ್ಲಿದ್ದವನು ಗಂಟಲಿನಿಂದ ಏನೋ ಶಬ್ದ ಹೊರಡಿಸಿದ. ಒಪ್ಪಿಗೆಯದ್ದೋ ನೋವಿನದ್ದೋ ಯಾರಿಗೂ ಗೊತ್ತಾಗಲಿಲ್ಲ. ಡಾಕ್ಟರು ಮಾಸ್ಕ್ ಮೇಲೆಳೆದುಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಖಾಲಿ ಇದ್ದದ್ದು ಒಂದೇ ಜೋಡಿ ಸೀಟು. ಅವಳು ಕಿಟಕಿಯ ಕಡೆ ಕೂತಳು, ಮೇಷ್ಟ್ರು ತುದಿಯಲ್ಲಿ. ಮಾರುಕಟ್ಟೆ ದಾಟಿದ ಮೇಲೆ ಅವಳು ಕಿಟಕಿಯ ಹೊರಗೇ ನೋಡುತ್ತಾ ಕೇಳಿದಳು. "ಪ್ರತಿ ತಿಂಗಳು ನನ್ನ ಕೈಯಿಂದ ದುಡ್ಡು ತಗೊಳ್ತಿದ್ರಲ್ಲ, ಆಗ ನಿಮಗೆ ಏನನ್ನಿಸ್ತಿತ್ತು?"

ಮೇಷ್ಟ್ರು ಯೋಚನೆ ಮಾಡಿದರು. ಚೆನ್ನಾಗಿ ಕೇಳಿಸುವಂಥ ಉತ್ತರಗಳು ಎರಡು ಮೂರು ಇದ್ದವು. "ಮೊದಮೊದಲು ಒಂಥರಾ ಆಗ್ತಿತ್ತು. ಆಮೇಲೆ ಏನೂ ಅನ್ನಿಸ್ತಿರಲಿಲ್ಲ. ಮನೆ ನಂದೇ ಅನ್ನೋ ಹಾಗೆ ಆಗಿಬಿಟ್ಟಿತ್ತು."

"ಹೂಂ," ಅಂದಳು ಅವಳು.

ಬೇಕರಿ ಅಕ್ಕನ ಬಾಕಿಯನ್ನು ಕಚೇರಿ ಪೂರ್ತಿ ಕಟ್ಟಿತು. ಮೇಷ್ಟ್ರದ್ದು ಅರ್ಧಕ್ಕೆ ನಿಂತಿತು. ಇಷ್ಟು ವರ್ಷ ಮೇಲಿನ ಮನೆಯಿಂದ ಬಂದದ್ದನ್ನು ಅವರ ಆದಾಯಕ್ಕೆ ಸೇರಿಸಬೇಕಾಯಿತು ಎಂದು ಕನ್ನಡಕದ ಹೆಂಗಸು ಫೋನಿನಲ್ಲಿ ಹೇಳಿದಳು. ಅದು ಸರಿಯೇ ಎಂದು ಮೇಷ್ಟ್ರಿಗೂ ಕಂಡಿತು. ಮಿಕ್ಕ ಅರ್ಧವನ್ನು ಕಂತಿನಲ್ಲಿ ತೀರಿಸಲು ಡಾಕ್ಟರು ಒಪ್ಪಿದರು. ಮೇಷ್ಟ್ರು ಬೆಳಗಿನ ಹೊತ್ತು ಒಂದು ಶಾಲೆಯ ವ್ಯಾನು ಓಡಿಸಲು ಸೇರಿದರು. ಮಕ್ಕಳಿಗೆ ಅವರು ಬೈಯುತ್ತಿದ್ದದ್ದು ಕೇಳಿ ಮೊದಲ ವಾರವೇ ಎರಡು ದೂರು ಬಂದವು. ಆಮೇಲೆ ದನಿ ತಗ್ಗಿಸಿಕೊಂಡರು. ಕಾರು ಗ್ಯಾರೇಜಿನಿಂದ ಬಿಡುಗಡೆಯಾಗಲು ಇನ್ನೂ ಕೆಲವು ತಿಂಗಳು ಹಿಡಿಯಿತು.

ಬೀದಿಗೆ ವಿಷಯ ಗೊತ್ತಾಗಲು ಅಷ್ಟು ಹೊತ್ತು ಬೇಕಾಗಲಿಲ್ಲ. ಟೀ ಅಂಗಡಿಯವನು ಕೇಳಿಯೇಬಿಟ್ಟ. "ಏನು ಓನರ್ರೇ, ಮನೆ ಮಾರಿದ್ರಂತೆ?"

"ಮಾರಿಲ್ಲಪ್ಪ. ನಂದಾಗಿರಲೇ ಇಲ್ಲ."

ಮೊದಲ ಸಲ ಹೇಳುವಾಗ ಬೆವರು ಬಂತು. ನಾಲ್ಕೈದು ಜನರಿಗೆ ಹೇಳಿದ ಮೇಲೆ ಇಂಥ ಕಡೆ ಬಸ್ಸು ನಿಲ್ಲುತ್ತದೆ ಎಂದು ಹೇಳುವಷ್ಟೇ ಸಲೀಸಾಯಿತು. ಜನ ಒಂದೆರಡು ದಿನ ನಕ್ಕು, ಬೇರೆ ಯಾವುದೋ ಸುದ್ದಿ ಸಿಕ್ಕಿ ಅದರ ಹಿಂದೆ ಹೋದರು.

ಮೇಲಿನ ಮನೆಯವಳು ಮೇಷ್ಟ್ರ ಹೆಂಡತಿಯ ಜೊತೆ ಮೊದಲಿನ ಹಾಗೇ ಮಾತಾಡುತ್ತಿದ್ದಳು. ಮೇಷ್ಟ್ರ ಜೊತೆ ಮಾತು ಬಿಟ್ಟಿದ್ದಳು. ನೀರಿನ ಬಿಲ್ಲು, ಕರೆಂಟಿನ ಬಿಲ್ಲು ಎಲ್ಲ ಆಕೆಯ ಮೂಲಕವೇ ನಡೆಯುತ್ತಿತ್ತು. "ನಾನೇನು ನಿಮ್ಮಿಬ್ಬರ ನಡುವಿನ ಪೋಸ್ಟ್ ಆಫೀಸಾ?" ಎಂದು ಮೇಷ್ಟ್ರ ಹೆಂಡತಿ ಒಮ್ಮೊಮ್ಮೆ ರೇಗುತ್ತಿದ್ದರು. ಆದರೂ ಸುದ್ದಿ ಮುಟ್ಟಿಸುವುದನ್ನು ಬಿಡಲಿಲ್ಲ. ಹಾಗೆಯೇ ಅವಳಿಗೆ ಒಂದು ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದೂ ಮೇಷ್ಟ್ರ ಕಿವಿಗೆ ಬಿತ್ತು.

ಒಂದು ಭಾನುವಾರ ಮಧ್ಯಾಹ್ನ ಅವಳು ಕೆಳಗಿಳಿದು ಬಂದು ಮೇಷ್ಟ್ರ ಎದುರೇ ನಿಂತಳು.

"ಕಾರ್ಖಾನೇಲಿ ವ್ಯಾನು ಓಡಿಸೋರಿಗೆ ಸಂಬಳ ಜಾಸ್ತಿ. ನನಗೆ ಡ್ರೈವಿಂಗ್ ಕಲೀಬೇಕು."

ಮೇಷ್ಟ್ರು ಗಡಬಡಿಸಿ ಎದ್ದರು. "ಅದಕ್ಕೇನಮ್ಮಾ, ನಾಳೆಯಿಂದಲೇ ಬನ್ನಿ. ನಿಮ್ಮ ಹತ್ರ ಫೀಸೇನೂ..."

"ಫೀಸು ಎಷ್ಟು ಅಂತ ಹೇಳಿ. ಬೇರೆಯವರ ಹತ್ರ ಎಷ್ಟು ತಗೊಳ್ತೀರೋ ಅಷ್ಟೇ. ಕಡಿಮೆಯೂ ಬೇಡ, ಜಾಸ್ತಿಯೂ ಬೇಡ. ರಸೀದಿ ಕೊಡಬೇಕು."

ಮೇಷ್ಟ್ರು ಮೊತ್ತ ಹೇಳಿದರು. ಅವಳು ಎಣಿಸಿ ಕೊಟ್ಟಳು. ಅವರು ಮೇಜಿನ ಮೇಲಿದ್ದ ಹಾಳೆಯೊಂದರಲ್ಲಿ ಬರೆದು, ಸಹಿ ಹಾಕಿ, ಎರಡು ಕೈಯಲ್ಲಿ ಹಿಡಿದು ಕೊಟ್ಟರು. ಅವಳು ಪೂರ್ತಿ ಓದಿ ಮಡಿಸಿಟ್ಟುಕೊಂಡಳು.

ಮರುದಿನ ಸಂಜೆ ಅವಳು ಸ್ಟಿಯರಿಂಗ್ ಹಿಂದೆ ಕೂತಾಗ ಬೀದಿಯಲ್ಲಿ ಮಕ್ಕಳು ಆಟ ನಿಲ್ಲಿಸಿ ಗೋಡೆಯ ಪಕ್ಕಕ್ಕೆ ಸರಿದರು. ಕಾರು ಎರಡು ಸಲ ಜಿಗಿದು ನಿಂತಿತು. ಬಾಲ್ಕನಿಯಿಂದ ಮಾವನವರು, "ಮೇಷ್ಟ್ರ ಮಾತು ಕೇಳಬೇಡ ಕಣಮ್ಮಾ, ಕ್ಲಚ್ ನಿಧಾನಕ್ಕೆ ಬಿಡು," ಎಂದು ಕೂಗಿದರು. ಮೇಷ್ಟ್ರು ಹೇಳುತ್ತಿದ್ದದ್ದೂ ಅದನ್ನೇ. ಮೂರನೆಯ ಸಲ ಗಾಡಿ ಮೆಲ್ಲಗೆ ಹೊರಟು, ಟೀ ಅಂಗಡಿ ದಾಟಿ, ದೊಡ್ಡ ರಸ್ತೆಯ ಬಾಯಿಗೆ ಬಂತು.

"ಎಡಕ್ಕಾ, ಬಲಕ್ಕಾ ಮೇಷ್ಟ್ರೇ?" ಅಂದಳು, ರಸ್ತೆಯಿಂದ ಕಣ್ಣು ತೆಗೆಯದೆ.

"ಎಡಕ್ಕೆ. ಇವತ್ತು ಎಡಕ್ಕೇ ಸಾಕು."